ಗರ್ಭಿಣಿಗೆ ಮೊದಲ ಎಲೆ

ನೈವೇದ್ಯ, ಉಪವಾಸ, ಪಾರಣೆ ಎಂಬ ಶಬ್ದಗಳಿಲ್ಲದೆ ಮಾಧ್ವಗೃಹಗಳ ದಿನಚರಿಯೇ ಇಲ್ಲ. ಭಗವಂತನಿಗೆ ನಿವೇದಿಸದ ಅನ್ನವನ್ನು ಮುಟ್ಟಬಾರದು, ಏಕಾದಶಿಯಂದು ಉಣ್ಣಬಾರದು, ಗ್ರಹಣದ ವೇಧಕಾಲದಲ್ಲಿ ಭುಜಿಸಬಾರದು ಎಂಬ ನಿಯಮಗಳನ್ನು ನಾವು ಎಳವೆಯಿಂದಲೇ ಹಿರಿಯರ ನಡೆಯನ್ನು ನೋಡಿ ಕಲಿತಿದ್ದೇವೆ. ಇವುಗಳ ಹಿರಿಮೆಯನ್ನು ಪ್ರವಚನಗಳಲ್ಲಿ ಕೇಳಿ ಧನ್ಯರಾಗಿದ್ದೇವೆ. ಆದರೆ ಇವುಗಳನ್ನು ಆಚರಿಸುವ ಮನೆಯಲ್ಲಿ ಗರ್ಭಿಣಿಯೊಬ್ಬಳಿದ್ದಾಗ, ಅವಳ ಊಟದ ಹೊತ್ತಿನ ವಿಷಯದಲ್ಲಿ ಮನೆಯವರ ಧರ್ಮವೇನು? ಈ ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಂಡೇ ಇರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ ಪ್ರಸಂಗವೊಂದನ್ನು ಸಂಕೋಚದಿಂದಲೇ ಆಸ್ತಿಕಬಂಧುಗಳ ಮುಂದಿಡುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಚೈತ್ರಮಾಸದಲ್ಲಿ ಬೇಲೂರಿನ ಚೆನ್ನಕೇಶವನ ರಥೋತ್ಸವಕ್ಕೆಂದು ನಮ್ಮ ಕುಟುಂಬದವರೆಲ್ಲ ಅರಸೀಕೆರೆಯಿಂದ ಬೆಳಕು ಹರಿಯುವ ಮುನ್ನವೇ ಹೊರಟಿದ್ದೆವು. ನಮ್ಮ ಸೊಸೆಗೆ ಆಗ ಆರನೆಯ ತಿಂಗಳು. ಸ್ವಾಮಿಯ ದರ್ಶನವಾಗದೆ ಯಾರೂ ಏನನ್ನೂ ತಿನ್ನಕೂಡದೆಂದು ನಾವೇ ನಿಶ್ಚಯಿಸಿದ್ದೆವು. ಆಕೆ ಒಂದು ಲೋಟ ಕಾಫಿಯನ್ನು ಮಾತ್ರ ಕುಡಿದು ಮೌನವಾಗಿ ಗಾಡಿ ಹತ್ತಿದಳು. ಬೇಲೂರಿನಲ್ಲಿ ಜನಸಂದಣಿ ಅಪಾರ. ದರ್ಶನವಾಗುವ ವೇಳೆಗೆ ಬಿಸಿಲೇರಿತ್ತು. ಅಲ್ಲಿಂದ 16 ಕಿಲೋಮೀಟರು ದೂರದ ಹಳೇಬೀಡಿನ ಬಂಧುಗಳ ಮನೆಯಲ್ಲಿ ಮಡಿಯಡಿಗೆ, ನೈವೇದ್ಯ, ಅನಂತರ ಭೋಜನ ಎಂದು ಏರ್ಪಾಟಾಗಿತ್ತು. ನಾವು ಹಳೇಬೀಡನ್ನು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ ಗಂಟೆ. ಗಾಡಿಯಿಂದಿಳಿದ ಸೊಸೆ ನಾಲ್ಕು ಹೆಜ್ಜೆ ನಡೆದವಳು ಕಣ್ಣುಕತ್ತಲೆ ಬಂದು ರಸ್ತೆಯ ಬದಿಯಲ್ಲಿ ಕುಸಿದಳು. ಹಿಂದಿನ ರಾತ್ರಿ ಎಂಟೂವರೆಗೆ ಉಂಡ ಮೇಲೆ ಆಕೆಯ ಹೊಟ್ಟೆಗೆ ಅನ್ನ ಬಿದ್ದಿರಲಿಲ್ಲ. ಲೆಕ್ಕ ಹಾಕಿದರೆ 17 ಗಂಟೆ.

ಅಲ್ಲಿ ಎಳನೀರು ಮಾರುತ್ತಿದ್ದ ವೃದ್ಧೆಯೊಬ್ಬಳು ಓಡಿ ಬಂದು, ಕಾಯಿ ಕೆತ್ತಿ, ಸೊಸೆಯ ತಲೆಯನ್ನು ತನ್ನ ತೊಡೆಯ ಮೇಲಿರಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಬಳಿಕ ನಮ್ಮ ಕಡೆ ತಿರುಗಿ, “ಬಸುರಿ ಹೆಂಗಸನ್ನ ಇಷ್ಟೊತ್ತು ಹಸ್ಕೊಂಡಿರೋ ಹಂಗೆ ಮಾಡ್ತಾರಾ ಸ್ವಾಮಿ? ದೇವ್ರು ಕಾಯ್ತಾನೆ. ಒಟ್ಟೇಲಿರೋ ಕೂಸು ಕಾಯ್ತದಾ?” ಎಂದಳು. ಹಣವನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಕಾಯುವುದೆಂದರೆ ರಕ್ಷಿಸುವುದು, ಕಾಯುವುದೆಂದರೆ ದಾರಿ ನೋಡುತ್ತ ಇರುವುದು. ಎರಡೂ ಅರ್ಥಗಳು ಆ ಒಂದು ಮಾತಿನಲ್ಲಿದ್ದವು. ಹತ್ತಾರು ವರ್ಷ ಪ್ರವಚನ ಕೇಳಿದ ನಮಗೆ ಹೊಳೆಯದ ವಿಚಾರವು ಅಕ್ಷರ ಕಲಿಯದ ಆ ತಾಯಿಗೆ ಸಹಜವಾಗಿ ಹೊಳೆದಿತ್ತು. ದೈವಾನುಗ್ರಹದಿಂದ ಸೊಸೆಗೆ ಸುಖಪ್ರಸವವಾಯಿತು. ಮಗು ಈಗ ಶಾಲೆಗೆ ಹೋಗುತ್ತಿದೆ. ಅದು ಸ್ವಾಮಿಯ ಕೃಪೆಯೇ ಹೊರತು ನಮ್ಮ ವಿವೇಕದ ಫಲವಲ್ಲ. ಅಂದಿನಿಂದ ಈ ವಿಷಯದಲ್ಲಿ ಶಾಸ್ತ್ರವೇನು ಹೇಳುತ್ತದೆ, ವೈದ್ಯವೇನು ಹೇಳುತ್ತದೆ ಎಂದು ವಿಚಾರಿಸತೊಡಗಿದೆವು. ಕಂಡುಕೊಂಡದ್ದನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲು ಶಾಸ್ತ್ರ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಅತಿಥಿಸತ್ಕಾರದ ಪ್ರಕರಣವಿದೆ. ಅತಿಥಿಗಿಂತ ಮೊದಲು ಗೃಹಸ್ಥನು ಉಣ್ಣಬಾರದೆಂಬುದು ಸರ್ವವಿದಿತವಷ್ಟೆ. ಆದರೆ ಅದೇ ಪ್ರಕರಣವು ನವವಿವಾಹಿತೆಯರು, ಬಾಲಿಕೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತಲೂ ಮುಂಚೆ, ಹಿಂದುಮುಂದು ನೋಡದೆ ಬಡಿಸಬೇಕೆಂದು ವಿಧಿಸುತ್ತದೆ. ಬಾಗಿಲಿಗೆ ಬಂದ ಅತಿಥಿ ದೇವಸಮಾನನು. ಅವನಿಗಿಂತ ಮೊದಲಿನ ಎಲೆ ಗರ್ಭಿಣಿಯದು! ನಮ್ಮ ಮನೆಗಳಲ್ಲಿ ನಡೆದು ಬಂದಿರುವುದಾದರೋ ಇದಕ್ಕೆ ತೀರ ವಿಪರೀತ. ಮೊದಲ ಪಂಕ್ತಿ ಗಂಡಸರದು, ಎರಡನೆಯದು ಅತಿಥಿಗಳದು, ಆಮೇಲೆ ಮಕ್ಕಳದು. ಕಡೆಯ ಪಂಕ್ತಿಯಲ್ಲಿ, ಆರಿದ ಅನ್ನದೆದುರು, ಬಡಿಸಿ ದಣಿದ ಸೊಸೆ. ಇದನ್ನು ನಾವು ಸಂಪ್ರದಾಯವೆಂದು ಕರೆಯುತ್ತೇವೆ. ಶಾಸ್ತ್ರವು ಇದನ್ನು ವಿಧಿಸಿಲ್ಲ.

ಇನ್ನು ಆಯುರ್ವೇದ. ವಾಗ್ಭಟನು ಅಷ್ಟಾಂಗಹೃದಯದ ಶಾರೀರಸ್ಥಾನದಲ್ಲಿ ಗರ್ಭಿಣಿಯು ವರ್ಜಿಸಬೇಕಾದವುಗಳನ್ನು ಎಣಿಸುವಾಗ ಉಪವಾಸವನ್ನು ಸ್ಪಷ್ಟವಾಗಿ ಸೇರಿಸಿದ್ದಾನೆ. ಸುಶ್ರುತನು ದೇಹವನ್ನು ಅತಿಯಾಗಿ ಕೃಶಗೊಳಿಸುವುದನ್ನೂ ಅತಿಯಾಗಿ ತಿನ್ನುವುದನ್ನೂ ಸಮವಾಗಿಯೇ ನಿಷೇಧಿಸುತ್ತಾನೆ. ನಾಲ್ಕನೆಯ ತಿಂಗಳಿಗೆ ಗರ್ಭದ ಹೃದಯವು ವ್ಯಕ್ತವಾಗುವುದರಿಂದ ಆಕೆಯನ್ನು ಎರಡು ಹೃದಯಗಳುಳ್ಳವಳೆಂದು ಅವನು ಕರೆಯುತ್ತಾನೆ. ನಮ್ಮ ಹೆಂಗಳೆಯರು ಬಯಕೆ ಎನ್ನುವುದೂ, ಸೀಮಂತದ ಆಸುಪಾಸಿನಲ್ಲಿ ಬಯಕೆಯೂಟ ಹಾಕುವುದೂ ಈ ಭಾವನೆಗೆ ಸಮೀಪವಾದವೇ ಆಗಿವೆ. ಒಂದು ದಿನ ಬಯಕೆಯೂಟ ಹಾಕಿ ಉಳಿದ ದಿನಗಳಲ್ಲಿ ಹೊತ್ತು ಮೀರಿ ಬಡಿಸಿದರೆ ಪ್ರಯೋಜನವೇನು?

ಶ್ರೀಮದ್ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲರೂಪಿಯಾದ ಭಗವಂತನು ತನ್ನ ತಾಯಿ ದೇವಹೂತಿಗೆ ಗರ್ಭದ ಬೆಳವಣಿಗೆಯನ್ನು ಉಪದೇಶಿಸುತ್ತಾನೆ. ಮೊದಲ ತಿಂಗಳಲ್ಲಿ ಶಿರಸ್ಸು, ಎರಡನೆಯದರಲ್ಲಿ ಕೈಕಾಲು, ನಾಲ್ಕನೆಯದರಲ್ಲಿ ಸಪ್ತಧಾತುಗಳು. ಐದನೆಯ ತಿಂಗಳಿಗೆ ಹಸಿವು ಬಾಯಾರಿಕೆಗಳು ಹುಟ್ಟುತ್ತವೆ. ತಾಯಿ ಉಂಡು ಕುಡಿದ ಅನ್ನಪಾನಗಳಿಂದಲೇ ಗರ್ಭವು ಬೆಳೆಯುತ್ತದೆ ಎಂಬುದು ಅಲ್ಲಿನ ನಿರೂಪಣೆ. ನಮ್ಮ ಸೊಸೆಗೆ ಆಗ ಆರನೆಯ ತಿಂಗಳೆಂದು ಹೇಳಿದೆವಷ್ಟೆ. ಹಾಗಾದರೆ ಆ ಮಧ್ಯಾಹ್ನ ಹಳೇಬೀಡಿನ ರಸ್ತೆಯಲ್ಲಿ ಹಸಿದಿದ್ದವರು ಇಬ್ಬರು. ಒಬ್ಬರ ಹಸಿವನ್ನೂ ನಾವು ವಿಚಾರಿಸಿರಲಿಲ್ಲ.

ಈಗ ಆಧುನಿಕ ವೈದ್ಯದ ಮಾತನ್ನು ನೋಡೋಣ. ಮನುಷ್ಯನ ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ. ಆದರೆ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 20 ಭಾಗವನ್ನು ಅದೊಂದೇ ಬಳಸುತ್ತದೆ. ಅದರ ಮುಖ್ಯ ಆಹಾರ ರಕ್ತದಲ್ಲಿರುವ ಗ್ಲೂಕೋಸು, ಅಂದರೆ ಸಕ್ಕರೆಯ ಅಂಶ. ಗರ್ಭಸ್ಥ ಶಿಶುವಿಗೂ ಮುಖ್ಯ ಆಹಾರ ಅದೇ; ತಾಯಿಯ ರಕ್ತದಿಂದ ಮಾಸಿನ ಮೂಲಕ ಅದು ಎಡೆಬಿಡದೆ ಹರಿಯುತ್ತಿರುತ್ತದೆ. ತಾಯಿ ಉಣ್ಣದಿದ್ದಾಗಲೂ ಶಿಶುವು ತೆಗೆದುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಆದಕಾರಣ ಬೇರೆಯವರಿಗೆ ಅಲ್ಪವೆನಿಸುವ ಉಪವಾಸವು ಗರ್ಭಿಣಿಯ ದೇಹಕ್ಕೆ ದೀರ್ಘೋಪವಾಸವಾಗಿ ಪರಿಣಮಿಸುತ್ತದೆ. ಸಕ್ಕರೆ ಬೇಗ ಇಳಿಯುತ್ತದೆ. ದೇಹವು ಕೊಬ್ಬನ್ನು ಕರಗಿಸತೊಡಗುತ್ತದೆ. ಕೀಟೋನ್ ಎಂಬ ದ್ರವ್ಯಗಳು ರಕ್ತದಲ್ಲಿ ಏರುತ್ತವೆ.

1982ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯರು ಇದನ್ನು ಅಳೆದು ತೋರಿಸಿದರು. ಬೆಳಗಿನ ಉಪಾಹಾರವನ್ನು ಬಿಟ್ಟು, ರಾತ್ರಿಯ 12 ಗಂಟೆಗಳ ಉಪವಾಸವು 18 ಗಂಟೆಗೆ ಮುಂದುವರಿದಾಗ, ತುಂಬುಗರ್ಭಿಣಿಯರಲ್ಲಿ ಈ ಬದಲಾವಣೆಗಳು ಗರ್ಭಿಣಿಯರಲ್ಲದ ಸ್ತ್ರೀಯರಿಗಿಂತ ಬಹಳ ಹೆಚ್ಚಾಗಿ ಕಂಡುಬಂದವು. ಇದಕ್ಕೆ ಅವರು ವೇಗಗೊಂಡ ಉಪವಾಸಸ್ಥಿತಿ ಎಂಬರ್ಥದ ಹೆಸರನ್ನೇ ಕೊಟ್ಟರು. 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮಧುಮೇಹವಿದ್ದ ಮತ್ತು ಇಲ್ಲದ ಗರ್ಭಿಣಿಯರನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳ ಬುದ್ಧಿಯನ್ನು ಮುಂದೆ ಅಳೆಯಲಾಯಿತು. ಗರ್ಭಕಾಲದ ಕೊನೆಯ ಭಾಗದಲ್ಲಿ ತಾಯಿಯ ಕೀಟೋನ್ ಹೆಚ್ಚಿದ್ದ ಕಡೆ ಮಕ್ಕಳ ಅಂಕಗಳು ತುಸು ಕಡಿಮೆಯಿದ್ದವು. ಒಂದರೊಡನೆ ಇನ್ನೊಂದು ಕಂಡುಬಂದಿತೆಂದ ಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ನಮ್ಮ ನ್ಯಾಯಶಾಸ್ತ್ರವೂ ಇದನ್ನು ಒಪ್ಪುತ್ತದೆ. ಆದರೂ ಎಚ್ಚರಿಕೆಗೆ ಇಷ್ಟು ಸಾಕು. ಕೊನೆಯ ಮೂರು ತಿಂಗಳುಗಳಲ್ಲಿ ಶಿಶುವಿನ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ ಎಂಬುದು ನೆನಪಿರಲಿ.

ನಮ್ಮ ನಾಡಿನಲ್ಲೇ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1997-98ರ ಸುಮಾರಿನ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ನಡೆದಿದೆ. ಗರ್ಭಕಾಲದಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ತ್ವ ಹೆಚ್ಚಿದ್ದವರ ಮಕ್ಕಳು 9-10ನೆಯ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಮೇಲಿದ್ದರೆಂದು 2010ರಲ್ಲಿ ಪ್ರಕಟವಾಯಿತು. ಸೊಪ್ಪು, ಬೇಳೆಕಾಳುಗಳಲ್ಲಿ ಇರುವುದು ಈ ಸತ್ತ್ವವೇ. ಊಟದ ಹೊತ್ತನ್ನು ಕುರಿತದ್ದಲ್ಲವಾದರೂ, ತಾಯಿಯ ತಟ್ಟೆಯಲ್ಲಿ ಇದ್ದುದಕ್ಕೂ ಮಗುವಿನ ಮೇಧೆಗೂ ನಂಟಿರುವುದನ್ನು ಇದು ನಮ್ಮವರಲ್ಲೇ ತೋರಿಸಿತು. ಕೊನೆಯ ಪಂಕ್ತಿಗೆ ಕುಳಿತವಳ ಎಲೆಗೆ ಸೊಪ್ಪಿನ ಹುಳಿಯ ತಿಳಿ ಮಾತ್ರ ಬೀಳುತ್ತದೆಂಬುದು ಬಡಿಸಿದವರಿಗೆಲ್ಲ ಗೊತ್ತು.

ತಾಯಿಯ ಮೆದುಳನ್ನೂ ಮರೆಯಬಾರದು. ಹೊಟ್ಟೆ ಬರಿದಾದಾಗ ತಲೆಸುತ್ತು, ಸಿಡುಕು, ಮಂಕು. ಮೊದಲ ತಿಂಗಳುಗಳಲ್ಲಾದರೆ ಓಕರಿಕೆ ಇಮ್ಮಡಿ. ಇದನ್ನು ನೋಡಿ ‘ಬಸುರಿಯ ಸ್ವಭಾವವೇ ಹೀಗೆ’ ಎನ್ನುತ್ತೇವೆ. ಎಷ್ಟೋ ಸಲ ಅದು ಸ್ವಭಾವವಲ್ಲ, ಹಸಿವು.

ಇಲ್ಲಿಗೆ ಮುಖ್ಯವಾದ ಧರ್ಮಪ್ರಶ್ನೆಗೆ ಬರೋಣ. ವ್ರತಕ್ಕೆ ಜೀವಾಳ ಸಂಕಲ್ಪ. ಸಂಕಲ್ಪ ಮಾಡಿದವನಿಗೆ ವ್ರತದ ಕ್ಲೇಶ, ಅವನಿಗೇ ಅದರ ಫಲ. ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ತಾಯಿಯ ಜೀವ ಬೇರೆ, ಗರ್ಭದಲ್ಲಿರುವ ಜೀವ ಬೇರೆ. ಒಂದೇ ದೇಹದೊಳಗೆ ಇದ್ದ ಮಾತ್ರಕ್ಕೆ ಅವೆರಡು ಒಂದಾಗಲಾರವು. ಆ ಎರಡನೆಯ ಜೀವನು ಯಾವ ಸಂಕಲ್ಪವನ್ನೂ ಮಾಡಿಲ್ಲ. ಹೀಗಿರುವಾಗ ಒಬ್ಬ ಜೀವನ ಸಂಕಲ್ಪದ ಭಾರವನ್ನು ಇನ್ನೊಬ್ಬನ ಮೇಲೆ ಹೇರಲು ನಮಗೆ ಅಧಿಕಾರವೆಲ್ಲಿಯದು? ಎಂಟು ವರ್ಷ ತುಂಬಿದವರಿಗೆ, ಎಂಬತ್ತು ತುಂಬದವರಿಗೆ ಏಕಾದಶಿಯ ಉಪವಾಸವೆಂಬುದು ಧರ್ಮಶಾಸ್ತ್ರದ ನಿರ್ಣಯ. ಏಳು ವರ್ಷದ ಮೊಮ್ಮಗ ಹಸಿವೆಂದರೆ ಏಕಾದಶಿಯಂದೂ ತಿಂಡಿ ಕೊಡುತ್ತೇವೆ. ಇನ್ನೂ ಹುಟ್ಟದಿರುವ ಮೊಮ್ಮಗನಿಗೆ ಮಾತ್ರ ನಿರ್ಜಲ ಉಪವಾಸವೇ? ತತ್ತ್ವವಾದವನ್ನು ನಂಬಿದವರು ಅವಶ್ಯವಾಗಿ ಯೋಚಿಸಬೇಕಾದ ಮಾತಿದು.

ಇದಕ್ಕೆ ಕೆಲವು ಆಕ್ಷೇಪಗಳು ಬರುವುದು ಸಹಜ. ‘ಅನಿವೇದಿತವನ್ನು ತಿನ್ನುವುದು ಹೇಗೆ? ನಿತ್ಯಪೂಜೆ ಮುಗಿದು ನೈವೇದ್ಯವಾಗುವ ವೇಳೆಗೆ ಮಧ್ಯಾಹ್ನವಾಗುತ್ತದಲ್ಲ’ ಎಂಬುದು ಮೊದಲನೆಯದು. ನಿವೇದಿಸದೆ ತಿನ್ನಿರೆಂದು ನಾವು ಹೇಳುತ್ತಿಲ್ಲ. ಬೇಗ ನಿವೇದಿಸಿರೆಂದು ಹೇಳುತ್ತಿದ್ದೇವೆ. ಸಾಧನದ್ವಾದಶಿಯಂದು ತಿಥಿಯು ಅಲ್ಪವಾಗಿರುವಾಗ ನಾವೇನು ಮಾಡುತ್ತೇವೆ? ಮಧ್ಯಾಹ್ನದ ಕರ್ಮಗಳನ್ನೂ ಹಿಂದಕ್ಕೆಳೆದು, ಕತ್ತಲಿರುವಾಗಲೇ ಎದ್ದು, ಪೂಜೆ ನೈವೇದ್ಯಗಳನ್ನು ಮುಗಿಸಿ, ತಿಥಿ ಮೀರದಂತೆ ಪಾರಣೆ ಮಾಡುತ್ತೇವೆ. ಪಾರಣೆಯ ಹೊತ್ತಿಗಾಗಿ ಇಡೀ ಮನೆಯೇ ಬೇಗನೆ ಏಳಬಲ್ಲುದಾದರೆ, ಒಂಬತ್ತು ತಿಂಗಳ ಮಟ್ಟಿಗೆ ಗರ್ಭಿಣಿಯ ಹೊತ್ತಿಗಾಗಿ ಬೆಳಗ್ಗೆ ಏಳೂವರೆಯೊಳಗೆ ಹಾಲು, ಹಣ್ಣು, ಅವಲಕ್ಕಿಯನ್ನೋ ಒಂದು ಹಿಡಿ ಬಿಸಿಯನ್ನವನ್ನೋ ದೇವರ ಮುಂದಿಟ್ಟು ಆಕೆಗೆ ಕೊಡಲಾಗದೆ? ಮಹಾನೈವೇದ್ಯವು ಯಥಾಕಾಲದಲ್ಲಿ ನಡೆಯಲಿ. ಭಗವಂತನು ವೈಶ್ವಾನರರೂಪದಿಂದ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನಗೊಳಿಸುತ್ತಾನೆಂದು ಗೀತೆಯ ಹದಿನೈದನೆಯ ಅಧ್ಯಾಯ ತಿಳಿಸುತ್ತದೆ. ಆ ಸ್ವಾಮಿಯ ಸನ್ನಿಧಾನ ಹಸಿದವಳ ಜಠರದಲ್ಲೂ ಇದೆ.

‘ನಾವು ನಿರ್ಜಲ ಏಕಾದಶಿ ಮಾಡಿಯೇ ಎಂಟು ಮಕ್ಕಳನ್ನು ಹೆತ್ತಿಲ್ಲವೇ?’ ಎಂದು ಅಜ್ಜಿಯರು ಕೇಳುವುದು ಎರಡನೆಯದು. ಅವರ ನಿಷ್ಠೆಗೆ ನಮ್ಮ ನಮಸ್ಕಾರ. ಆದರೆ ಉಳಿದ ಮಕ್ಕಳನ್ನು ಮಾತ್ರ ಎಣಿಸುವುದು ನಮ್ಮ ರೂಢಿ. ಉಳಿಯದ ಕೂಸುಗಳ ಹೆಸರನ್ನು ಆ ತಾಯಂದಿರು ಯಾರೆದುರೂ ಎತ್ತುತ್ತಿರಲಿಲ್ಲ. ಅವುಗಳಿಗೆ ಉಪವಾಸವೇ ಕಾರಣವೆಂದು ನಾವು ಹೇಳೆವು. ಉಪವಾಸದಿಂದ ಏನೂ ಆಗಲಿಲ್ಲವೆಂದು ಹೇಳಲು ಆಧಾರವಿಲ್ಲವೆಂದಷ್ಟೇ ಹೇಳುತ್ತೇವೆ.

‘ಸೊಸೆಯೇ ಇಷ್ಟಪಟ್ಟು ಉಪವಾಸವಿದ್ದಾಳೆ’ ಎಂಬುದು ಮೂರನೆಯದು. ಮನೆಯವರೆಲ್ಲ ಕಾದಿರುವಾಗ ‘ನನಗೆ ಹಸಿವು’ ಎಂದು ಹೇಳುವ ಧೈರ್ಯ ಎಷ್ಟು ಸೊಸೆಯರಿಗಿದೆ? ಅವಳ ಮೌನವನ್ನು ಇಚ್ಛೆಯೆಂದು ತಿಳಿಯುವುದು ನಮಗೆ ಅನುಕೂಲವಾದ ಭ್ರಾಂತಿ. ಆ ಭ್ರಾಂತಿಯಲ್ಲಿ ನಾವೂ ಇದ್ದೆವು. ಮೊದಲು ಅತ್ತೆಯೋ ಮಾವನೋ ‘ಏಳಮ್ಮ, ಊಟಕ್ಕೆ ಕೂತ್ಕೋ’ ಎನ್ನಬೇಕು. ಆಮೇಲೆ ಅವಳ ಇಚ್ಛೆಯ ಮಾತು.

ಹಾಗೆಂದು ಏಕಾದಶಿಯ ಗೌರವಕ್ಕೆ ಕುಂದು ಬರಬೇಕಾಗಿಲ್ಲ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವ್ರತಕ್ಕೆ ಕೊಟ್ಟಿರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಆದರೆ ಜಲ, ಮೂಲ, ಫಲ, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ವಚನ, ಔಷಧ ಈ ಎಂಟರಿಂದ ವ್ರತಭಂಗವಿಲ್ಲವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿ ಬಂದಿದೆ. ಅಶಕ್ತರಿಗೆ ಹಾಲುಹಣ್ಣುಗಳ ಅನುಕಲ್ಪವನ್ನು ಹಿರಿಯರು ಕೊಡುತ್ತಲೇ ಬಂದಿದ್ದಾರೆ. ಸಂದೇಹವಿರುವವರು ತಮ್ಮ ಮಠದ ಗುರುಗಳನ್ನು ಕೇಳಲಿ. ಗುರುವಚನವೂ ಆ ಎಂಟರಲ್ಲಿ ಸೇರಿದೆಯಷ್ಟೆ. ಗರ್ಭಿಣಿಯು ಆ ದಿನ ಹರಿಕಥಾಶ್ರವಣದಲ್ಲಿ ಕಾಲ ಕಳೆಯಲಿ. ಬೇಲೂರಿನ ನವರಂಗದಲ್ಲಿ ನರಸಿಂಹಸ್ತಂಭವನ್ನು ನೋಡಿದವರಿಗೆ ಪ್ರಹ್ಲಾದನ ಕಥೆ ನೆನಪಾಗದಿರದು. ತಾಯಿ ಕಯಾಧುವಿನ ಗರ್ಭದಲ್ಲಿದ್ದಾಗಲೇ ಅವನು ನಾರದರ ಉಪದೇಶವನ್ನು ಕೇಳಿದನೆಂಬುದು ಎಲ್ಲರೂ ಬಲ್ಲ ವಿಷಯ. ಅದಕ್ಕೆ ಮೊದಲು ನಾರದರು ಮಾಡಿದ್ದೇನು? ಆ ತಾಯಿಯನ್ನು ಇಂದ್ರನ ಕೈಯಿಂದ ಬಿಡಿಸಿ, ತಮ್ಮ ಆಶ್ರಮದಲ್ಲಿ ಅಭಯವಿತ್ತು ಇರಿಸಿಕೊಂಡರು. ರಕ್ಷಣೆ ಮೊದಲು, ಉಪದೇಶ ಅನಂತರ.

ಗ್ರಹಣದ ವಿಷಯವೂ ಹೀಗೆಯೇ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣವು ನಮ್ಮ ಪ್ರಾಂತದಲ್ಲಿ ರಾತ್ರಿ ಸುಮಾರು ಹತ್ತರಿಂದ ಒಂದೂವರೆಯವರೆಗೆ ಇತ್ತು. ಮೂರು ಯಾಮಗಳ ವೇಧವನ್ನು ಹಿಡಿದರೆ ಮಧ್ಯಾಹ್ನ ಒಂದು ಗಂಟೆಯಿಂದಲೇ ಭೋಜನನಿಷೇಧ. ಅಂದು ಪೂರ್ಣನಿಯಮವನ್ನು ಪಾಲಿಸಿದ ಗರ್ಭಿಣಿಗೆ ಮರುದಿನ ಬೆಳಗಿನವರೆಗೆ 18 ಗಂಟೆಗಳ ಉಪವಾಸ. ಷಿಕಾಗೋದ ವೈದ್ಯರು ಅಳೆದದ್ದು ಇಷ್ಟನ್ನೇ. ಬಾಲರು, ವೃದ್ಧರು, ಆತುರರು ಇವರಿಗೆ ವೇಧದ ಅವಧಿಯನ್ನು ಇಳಿಸಿ ಪಂಚಾಂಗಗಳಲ್ಲೇ ಬರೆದಿರುತ್ತಾರೆ. ಆ ಸಾಲನ್ನು ಓದಿ, ಗರ್ಭಿಣಿಯನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು.

ನಿತ್ಯದ ದಿನಗಳಿಗೂ ಎರಡು ಮಾತು. ಕಾಫಿಯ ಸೀಮೆಯವರಾದ ನಮಗೆ ಬೆಳಗಿನ ಹಸಿವನ್ನು ಕಾಫಿಯಿಂದ ಅಡಗಿಸುವುದು ಅಭ್ಯಾಸ. ಕಾಫಿ ಹಸಿವನ್ನು ಮರೆಸುತ್ತದೆ, ನೀಗಿಸುವುದಿಲ್ಲ. ಮೇಲಾಗಿ ಊಟದೊಡನೆ ಅಥವಾ ಕಬ್ಬಿಣದ ಮಾತ್ರೆಯೊಡನೆ ಅದನ್ನು ಕುಡಿದರೆ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ; ಶಿಶುವಿನ ಮೆದುಳಿಗೆ ಕಬ್ಬಿಣ ಅತ್ಯವಶ್ಯ. ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆಯ ಅಂತರವಿರಲಿ. ಇನ್ನು ರಾತ್ರಿ. ಅರಸೀಕೆರೆಯಂಥ ಜಂಕ್ಷನ್ ಊರಿನಲ್ಲಿ ರೈಲ್ವೆ ಕೆಲಸದವರು ಮನೆಗೆ ಬರುವುದು ಎಷ್ಟು ಹೊತ್ತಿಗೋ. ಅವರಿಗಾಗಿ ಕಾದು ಹತ್ತು ಗಂಟೆಯ ಮೇಲೆ ಉಂಡು ಕೂಡಲೇ ಮಲಗುವ ಗರ್ಭಿಣಿಯರಿದ್ದಾರೆ. ಅದೇ ಅನ್ನ ಬೆಳಗಿಗಿಂತ ರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ, ನಿದ್ದೆಯೂ ಕೆಡುತ್ತದೆ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಆಕೆಗೆ ಬಡಿಸಬೇಕು. ಗರ್ಭಕಾಲದ ಮಧುಮೇಹವಿದ್ದವರು ಊಟದ ಹೊತ್ತನ್ನೂ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ನಿಶ್ಚಯಿಸಬೇಕು.

ಇದನ್ನೋದಿ ಯಾವ ತಾಯಿಯೂ ಭಯಪಡಬೇಕಾಗಿಲ್ಲ. ಒಂದು ದಿನ ಊಟ ತಡವಾದ ಮಾತ್ರಕ್ಕೆ ಮಗುವಿನ ಬುದ್ಧಿ ಕುಂದುವುದಿಲ್ಲ. ನಿತ್ಯದ ಅಭ್ಯಾಸವನ್ನು ಕುರಿತು ನಾವು ಹೇಳುತ್ತಿರುವುದು. ಹೊಣೆಯೂ ಹಸಿದವಳದಲ್ಲ, ಹೊತ್ತನ್ನು ನಿಶ್ಚಯಿಸುವ ನಮ್ಮದು. 2017ರ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರವು ಮಾತೃಪೂರ್ಣ ಯೋಜನೆಯನ್ನು ಆರಂಭಿಸಿ, ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡುವಂತೆ ಏರ್ಪಡಿಸಿತು. ಧಾನ್ಯವನ್ನು ಮನೆಗೆ ಕೊಟ್ಟರೆ ಅದು ಎಲ್ಲರ ಎಲೆಗೂ ಹಂಚಿಹೋಗುತ್ತದೆ. ಅಲ್ಲಿ ಕುಳಿತು ಉಂಡರೆ ಅವಳ ಊಟ ಅವಳಿಗೇ ಸಲ್ಲುತ್ತದೆ. ಸರ್ಕಾರವು ಮಾಡಬೇಕಾಗಿ ಬಂದ ಈ ಏರ್ಪಾಟು ಮನುವು ಗೃಹಸ್ಥನಿಗೇ ಒಪ್ಪಿಸಿದ್ದ ಕರ್ತವ್ಯ.

ಇನ್ನು ಮುಂದೆ ಆರಾಧನೆ, ಉತ್ಸವ, ಸಮಾರಾಧನೆಗಳಲ್ಲಿ ಪಂಕ್ತಿಗೆ ಎಲೆ ಹಾಕುವಾಗ ಯಜಮಾನರು ‘ಬಂದವರಲ್ಲಿ ಗರ್ಭಿಣಿಯರಿದ್ದಾರೆಯೇ?’ ಎಂದು ಒಮ್ಮೆ ವಿಚಾರಿಸಲಿ. ನೈವೇದ್ಯವಾದೊಡನೆ ಮೊದಲ ಎಲೆ ಅವರಿಗಿರಲಿ. ನಮ್ಮ ಮನೆಯಲ್ಲಿ ಈ ಪದ್ಧತಿ ನಡೆದುಬರುತ್ತಿದೆ. ಮರುವರ್ಷ ಚೈತ್ರದಲ್ಲಿ ಮಗುವನ್ನೆತ್ತಿಕೊಂಡು ಹಳೇಬೀಡಿಗೆ ಹೋಗಿದ್ದಾಗ ಆ ಎಳನೀರಿನ ತಾಯಿಯನ್ನು ಹುಡುಕಿದೆವು; ಕಾಣಲಿಲ್ಲ. ಆಕೆಯ ಪ್ರಶ್ನೆಗೆ ನಮ್ಮ ನಡತೆಯೇ ಉತ್ತರವಾಗಲೆಂದು ಪ್ರಾರ್ಥಿಸಿ ಹಿಂದಿರುಗಿದೆವು.

ಶ್ರೀಕೃಷ್ಣಾರ್ಪಣಮಸ್ತು.